ಅಪ್ಪ ಕಾಫಿ ಕುಡಿಯುವುದಿಲ್ಲ

ವಾಶಿಯಲ್ಲಿರುವ ಹೃದ್ರೋಗದ ಡಾಕ್ಟರು ಕೇಳಿದ್ದು ದಿನಕ್ಕೆ ಚಹಾ-ಕಾಫಿ ಎಷ್ಟು ಎಂಬ ತೀರ ಸಾಧಾರಣ ಪ್ರಶ್ನೆ. "ಚಾಯ್-ಕಾಫಿ ದಿನ್ ಮೇಂ ಕಿತನಾ ಹೋತಾ ಹೈ?"

ಅಪ್ಪ ಸ್ವಲ್ಪವೂ ತಡೆಯದೆ, "ಕಾಫಿ? ನಹೀ ಪೀತಾ," ಎಂದರು. ಡಾಕ್ಟರು ಅಮ್ಮನ ಕಡೆ ನೋಡಿದರು. ಅಮ್ಮ ಹೌದೆಂದು ತಲೆಯಾಡಿಸಿದಳು. ನನ್ನ ಕಡೆ ನೋಡಿದರು. ನಾನೂ ತಲೆಯಾಡಿಸಿದೆ. ಅವರು ಮುಂದಿನ ಪ್ರಶ್ನೆಗೆ ಹೋದರು.

ನಾವು ಮೂವರೂ ಸುಳ್ಳು ಹೇಳಲಿಲ್ಲ. ಇದನ್ನು ಆಮೇಲೆ ಎಷ್ಟು ಸಲ ಯೋಚಿಸಿದರೂ ಹಾಗೆಯೇ ಅನಿಸುತ್ತದೆ. ಠಾಣೆ ಪಟ್ಟಣದ ಪೂರ್ವಕ್ಕಿರುವ ಕೋಪರಿಯಲ್ಲಿ, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಅಪ್ಪನ ಹೋಟೆಲು ಇದೆ. ಇಡ್ಲಿ, ವಡೆ, ದೋಸೆ, ಕಾಫಿ. ಉಡುಪಿ ಕಡೆಯಿಂದ ಬಂದವರು ಈ ಊರಿನಲ್ಲಿ ಮಾಡುವ ಕೆಲಸವನ್ನೇ ಅವರೂ ಮಾಡಿದರು. ಹೋಟೆಲಿನಲ್ಲಿ ಪ್ರತಿ ಸಲ ಹೊಸ ಡಿಕಾಕ್ಷನ್ ಇಳಿದಾಗ ಅದನ್ನು ಮೊದಲು ಅಪ್ಪ ನೋಡಬೇಕು. ಚಿಕ್ಕ ಬಟ್ಟಲಲ್ಲಿ ಸ್ವಲ್ಪ ಡಿಕಾಕ್ಷನ್, ಅದರ ಬಣ್ಣ ತಿರುಗುವಷ್ಟೇ ಹಾಲು, ಸಕ್ಕರೆ ಇಲ್ಲ. ಅವರು ಒಪ್ಪಿದ ಮೇಲೆಯೇ ಅದು ಗಿರಾಕಿಗೆ. ಬೆಳಗ್ಗಿನ ಮೊದಲ ಲೋಕಲ್ ರೈಲು ಹಿಡಿಯುವವರಿಂದ ಹಿಡಿದು ರಾತ್ರಿ ಶಟರ್ ಎಳೆಯುವ ತನಕ ಎಷ್ಟು ಸಲ ಡಿಕಾಕ್ಷನ್ ಇಳಿಯುತ್ತದೋ ಅಷ್ಟು ಸಲ. ಆದರೆ ಇದಕ್ಕೆ ನಮ್ಮಲ್ಲಿ ಯಾರೂ ಕಾಫಿ ಕುಡಿಯುವುದು ಎನ್ನುವುದಿಲ್ಲ. ಇದು ರುಚಿ ನೋಡುವುದು. ಅಡುಗೆಯವನು ಉಪ್ಪು ನೋಡಿದರೆ ಊಟ ಮಾಡಿದ ಎನ್ನುತ್ತೇವೆಯೇ? ಕುಡಿಯುವುದೆಂದರೆ ಕುಳಿತು, ಲೋಟ ಹಿಡಿದು, ಸಕ್ಕರೆ ಹಾಕಿ, ಮಾತಾಡುತ್ತಾ ಕುಡಿಯುವುದು. ಅದನ್ನು ಅಪ್ಪ ಎಂದೂ ಮಾಡಿದವರಲ್ಲ. ಮನೆಯಲ್ಲಿ ಅವರಿಗೆ ಜೀರಿಗೆ ಕಷಾಯ. ನೆಂಟರು ಬಂದು ಅಮ್ಮ ಎಲ್ಲರಿಗೂ ಕಾಫಿ ಮಾಡಿದರೆ, "ಇವರಿಗೆ ಬೇಡ, ಇವರು ಕಾಫಿ ಕುಡಿಯುದಿಲ್ಲ," ಎಂದು ಅವಳೇ ಮೊದಲು ಹೇಳುತ್ತಾಳೆ. ಹೋಟೆಲಿನವನು ಕಾಫಿ ಕುಡಿಯುವುದಿಲ್ಲ ಎಂಬುದು ನಮ್ಮ ನೆಂಟರಲ್ಲಿ ಒಂದು ತಮಾಷೆಯೂ ಒಂದು ಹೆಮ್ಮೆಯೂ ಆಗಿತ್ತು.

ಹೀಗಾಗಿ ಅವರ ಎದೆ ಯಾಕೆ ಆಗಾಗ ತಾಳ ತಪ್ಪಿ ಹೊಡೆದುಕೊಳ್ಳುತ್ತದೆ, ಕೈ ಯಾಕೆ ನಡುಗುತ್ತದೆ, ನಿದ್ದೆ ಯಾಕೆ ಬರುವುದಿಲ್ಲ ಎಂದು ಡಾಕ್ಟರು ಹುಡುಕುತ್ತಿದ್ದಾಗ, ಕಾರಣಗಳಲ್ಲಿ ಒಂದಾದರೂ ಎದುರಿಗೇ ಕುಳಿತು ಇಲ್ಲವೆಂದು ಹೇಳಿ ಎದ್ದುಬಂತು. ಮಾತ್ರೆಗಳ ಚೀಟಿ ಹಿಡಿದುಕೊಂಡು ನಾವು ಹೊರಗೆ ಬಂದೆವು. ಅಪ್ಪ ಅಲ್ಲಿಂದ ಸೀದಾ ಹೋಟೆಲಿಗೆ ಹೋದರು.

ಆ ದಿನದ ಬಗ್ಗೆ ನನ್ನ ದಿನಚರಿಯಲ್ಲಿ ಏನು ಬರೆದಿದ್ದೇನೆಂದು ನೋಡಿದೆ. ಕಾಲೇಜಿನ ಸ್ಟಾಫ್ ರೂಮಿನ ಫ್ಯಾನು ಮತ್ತೆ ಕೆಟ್ಟಿದೆ ಎಂದು ಬರೆದಿದ್ದೇನೆ. ಅಪ್ಪನನ್ನು ಡಾಕ್ಟರಿಗೆ ತೋರಿಸಿದ್ದು ಅರ್ಧ ಸಾಲಿನಲ್ಲಿದೆ. ಮೇಲೆ ಬರೆದ ಹಿಂದಿ ಪ್ರಶ್ನೆ, ತಲೆಯಾಡಿಸಿದ್ದು, ಇವೆಲ್ಲ ಈಗ ನೆನಪಿನಿಂದ ಕಟ್ಟಿದವು. ನೆನಪನ್ನು ನಾನು ಹೆಚ್ಚು ನಂಬುವವಳಲ್ಲ. ಮನೆಯಲ್ಲಿ ನಾವು ಆಡುವುದು ತುಳು, ಹೋಟೆಲಿನಲ್ಲಿ ಮರಾಠಿ, ಹಿಂದಿ, ಕನ್ನಡ ಎಲ್ಲ ಕಲಸಿದ್ದು. ಅಪ್ಪ ಯಾವ ಮಾತನ್ನು ಯಾವ ಭಾಷೆಯಲ್ಲಿ ಹೇಳಿದರೆಂದು ನನಗೆ ನೆನಪಾಗುವುದೇ ಇಲ್ಲ. ಕನ್ನಡದಲ್ಲಿ ಬರೆಯಲು ಕುಳಿತಾಗ ಮನೆಯ ಮಾತೆಲ್ಲ ಕನ್ನಡದಲ್ಲೇ ಹೇಳಿದಂತೆ ಕೇಳಿಸುತ್ತದೆ.

ಅಪ್ಪನಿಗೆ ಅದಕ್ಕೂ ಮೊದಲು ಒಂದು ದೊಡ್ಡ ಜ್ವರ ಬಂದು ಹೋಗಿತ್ತು. ಎದ್ದ ಮೇಲೆ ಸಾರಿಗೆ ಉಪ್ಪಿಲ್ಲ, ಚಟ್ನಿಗೆ ಖಾರವಿಲ್ಲ ಎನ್ನತೊಡಗಿದರು. ಅಮ್ಮ ಬೇಸರಪಟ್ಟಳು. "ವಯಸ್ಸಾದ ಹಾಗೆ ನಾಲಿಗೆ ಸೊಕ್ಕುತ್ತದೆ," ಎಂದು ನನ್ನ ಹತ್ತಿರ ಫೋನಿನಲ್ಲಿ ದೂರಿದಳು. ಆಮೇಲೆ ದೂರು ನಿಂತಿತು. ಅಪ್ಪ ಊಟದ ಬಗ್ಗೆ ಏನೂ ಹೇಳದಾದರು. ಸರಿಹೋದರು ಎಂದುಕೊಂಡೆವು.

ಅದೇ ಸಮಯಕ್ಕೆ ಹೋಟೆಲಿನ ಕಾಫಿ ಗಟ್ಟಿಯಾಗುತ್ತಾ ಬಂತು. ಈಗ ಹೋಟೆಲು ನಡೆಸುವುದು ನನ್ನ ತಮ್ಮ. ಬಾಕಿ ಎಲ್ಲ ಅವನ ಕೈಯಲ್ಲಿ, ಕಾಫಿ ಮಾತ್ರ ಅಪ್ಪನದು. ಪುಡಿ ಇನ್ನೂ ಹಾಕು, ಇನ್ನೂ ಹಾಕು ಎನ್ನುತ್ತಾರೆ ಎಂದು ಅವನು ಹೇಳಿದ್ದ. ಪ್ರತಿದಿನ ಬರುವ ಒಬ್ಬ ಗಿರಾಕಿ ಇದ್ದಾರೆ. ರೈಲ್ವೆಯಲ್ಲಿದ್ದು ನಿವೃತ್ತರಾದ ಮರಾಠಿಯವರು, ಚಹಾದ ಮನೆಯಲ್ಲಿ ಹುಟ್ಟಿ ಅಪ್ಪನ ಕೈಯಲ್ಲಿ ಕಾಫಿಗೆ ಮತಾಂತರವಾದೆ ಎಂದು ತಾವೇ ಹೇಳಿಕೊಳ್ಳುವವರು. ಒಂದು ದಿನ ಅವರು ಲೋಟವನ್ನು ಬೆಳಕಿಗೆ ಹಿಡಿದು, "ಶೇಟ್, ಯೇ ಕಾಫಿ ಹೈ ಕಿ ಡಾಮರ್?" ಎಂದರಂತೆ.

"ಡಾಮರ್ ಹೋತಾ ತೋ ಮುನ್ಸಿಪಾಲಿಟಿ ಕೋ ದೇತಾ," ಅಪ್ಪ ಗಲ್ಲಾದಿಂದಲೇ ಹೇಳಿದರಂತೆ. "ಗಡ್ಡಾ ತೋ ಭರ್ ಜಾತಾ."

ಗುಂಡಿಯಾದರೂ ತುಂಬುತ್ತಿತ್ತು ಎಂಬ ಮಾತಿಗೆ ಇಡೀ ಹೋಟೆಲು ನಕ್ಕಿತಂತೆ. ರಸ್ತೆಯ ಗುಂಡಿಗಳ ಬಗ್ಗೆ ಠಾಣೆಯಲ್ಲಿ ಯಾರು ಏನು ಹೇಳಿದರೂ ಎಲ್ಲರೂ ನಗುತ್ತಾರೆ. ಕಾಫಿಯ ಮಾತು ಅಲ್ಲಿಗೆ ಮುಚ್ಚಿಹೋಯಿತು.

ಒಂದು ಭಾನುವಾರ ನಾನು ಕೋಪರಿಗೆ ಹೋಗಿದ್ದೆ. ನಾನಿರುವುದು ವಾಶಿಯ ಪಕ್ಕದ ಸಾನಪಾಡಾದಲ್ಲಿ, ಅಲ್ಲಿಂದ ಠಾಣೆಗೆ ನೇರ ಲೋಕಲ್ ಇದೆ. ತಮ್ಮನ ಮಗಳೂ ಹೋಟೆಲಿಗೆ ಬಂದಿದ್ದಳು. ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಓದುವವಳು, ಕೈಯಲ್ಲಿ ನಿದ್ದೆ ಓಡಿಸುವ ಎನರ್ಜಿ ಡ್ರಿಂಕಿನ ಉದ್ದನೆಯ ಡಬ್ಬಿ. ಈಗ ಕಾಲೇಜಿನ ಮಕ್ಕಳೆಲ್ಲ ಕುಡಿಯುವುದು ಅದನ್ನೇ. ನನ್ನ ತರಗತಿಯ ಕಿಟಕಿಯ ಮೇಲೂ ಖಾಲಿ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. "ಇದರಲ್ಲಿ ಎಂತ ಉಂಟು ಗೊತ್ತುಂಟಾ?" ಎಂದು ನಾನು ಕನ್ನಡದಲ್ಲಿ ಕೇಳಿದೆ. "ಆತ್ಯಾ, ತುಮ್ಹಾರೇ ಗಿಲಾಸ್ ಮೇ ಜೋ ಹೈ ವಹೀ," ಎಂದು ಅವಳು ನನ್ನ ಕಾಫಿ ಲೋಟ ತೋರಿಸಿದಳು. ಅದರಲ್ಲಿರುವುದೇ ಇದರಲ್ಲೂ.

ಅಪ್ಪ ಹಾಲಿನ ಪಾತ್ರೆಯ ಪಕ್ಕದಲ್ಲೇ ಸ್ಟೂಲ್ ಹಾಕಿ ಕುಳಿತಿದ್ದರು. ಆಗಷ್ಟೇ ಇಳಿದ ಡಿಕಾಕ್ಷನ್‌ಗೆ ಹಾಲು ಸೇರಿಸಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. ಇನ್ನೊಮ್ಮೆ ಹಾಕಿಕೊಂಡರು. ಮತ್ತೊಮ್ಮೆ. "ಸರಿ ಉಂಟು, ಬಿಡು," ಎಂದರು. ಲೋಟಗಳು ಹೊರಗೆ ಹೋದವು.

ಹುಡುಗಿ ಮೂಗು ಸುಕ್ಕಿಸಿದಳು. "ಅಜ್ಜಾ, ದೂಧ್ ಜಲ್ ರಹಾ ಹೈ!"

ಆಗ ನನಗೂ ವಾಸನೆ ಬಂತು. ಹಾಲು ತಳ ಹಿಡಿದು ಸೀದು, ಆ ಸೀದ ವಾಸನೆ ಹೋಟೆಲಿನಲ್ಲೆಲ್ಲ ತುಂಬಿತ್ತು. ಅಪ್ಪ ಅದರಿಂದ ಒಂದು ಮೊಳ ದೂರದಲ್ಲಿದ್ದರು. ಆ ಹಾಲನ್ನೇ ಕುಡಿದು ಸರಿ ಉಂಟು ಎಂದಿದ್ದರು. ಹೊರಗಿನಿಂದ ಲೋಟಗಳು ಒಂದೊಂದಾಗಿ ಹಿಂದೆ ಬರತೊಡಗಿದವು. ತಮ್ಮ ಗ್ಯಾಸ್ ಆರಿಸಿ, ಪಾತ್ರೆ ಎತ್ತಿ ಹಿಂದಕ್ಕೆ ಕೊಂಡುಹೋದ. ಅಪ್ಪ ನಮ್ಮೆಲ್ಲರ ಮುಖ ನೋಡಿದರು, ಆಮೇಲೆ ಬಟ್ಟಲನ್ನು ಮೂಗಿಗೆ ಹಿಡಿದರು. ಯಾವುದೋ ಮಾತು ಕೇಳಿಸದ ಕಿವುಡರು ಕಿವಿಗೆ ಕೈ ಇಟ್ಟುಕೊಳ್ಳುತ್ತಾರಲ್ಲ, ಹಾಗೆ.

ಮಧ್ಯಾಹ್ನ ಊಟವಾದ ಮೇಲೆ ತಮ್ಮ ಕೇಳಿದ. "ಅಪ್ಪಾ, ಯಾವಾಗಿನಿಂದ?"

"ಎಂತದು ಯಾವಾಗಿನಿಂದ?"

"ಸುಮ್ಮನೆ ಹೇಳಿ ಮಾರಾಯ್ರೇ."

"ಆ ಜ್ವರದಿಂದ," ಎಂದರು ಅಪ್ಪ. "ಬಿಸಿ ಗೊತ್ತಾಗ್ತದೆ. ಕಹಿ ಸ್ವಲ್ಪ ಗೊತ್ತಾಗ್ತದೆ. ಕಾಫಿ ಗೊತ್ತಾಗುದಿಲ್ಲ."

"ಹಾಗಾದ್ರೆ ದಿನವಿಡೀ ಎಂತಕ್ಕೆ ಕುಡೀತೀರಿ?"

"ಕುಡಿಯುದಲ್ಲ ಮಾರಾಯ. ರುಚಿ ನೋಡುದು." ಅಪ್ಪ ಕೈ ಒರೆಸಿಕೊಂಡರು. "ಈ ಸಲ ಬಂದೀತು ಅಂತ ನೋಡುದು. ಬಂದ್ರೂ ಬಂದೀತಲ್ಲ."

ಗಟ್ಟಿಯಾದಷ್ಟೂ ಸಿಕ್ಕೀತು ಎಂದು ಪುಡಿ ಹೆಚ್ಚಿಸುತ್ತಾ, ಒಂದು ಗುಟುಕಿನ ಜಾಗದಲ್ಲಿ ನಾಲ್ಕು ಗುಟುಕು ಕುಡಿಯುತ್ತಾ ಬಂದಿದ್ದರು. ಸಿಗದ ರುಚಿಯ ಬದಲು ಅವರೊಳಗೆ ಇಳಿದದ್ದು ಬರೀ ಕೆಫೀನು.

ಆಮೇಲಿನ ದಿನಗಳಲ್ಲಿ ನಾನು ಅದರ ಬಗ್ಗೆ ಓದಿದೆ. ಏನೂ ಮಾಡಲಾಗದಿದ್ದಾಗ ಓದುವುದು ನನ್ನಂಥವರ ಅಭ್ಯಾಸ. ನಾವು ಎಚ್ಚರವಿದ್ದಷ್ಟು ಹೊತ್ತೂ ಅಡೆನೋಸಿನ್ ಎಂಬ ವಸ್ತು ಮೆದುಳಿನಲ್ಲಿ ಕೂಡುತ್ತಾ ಹೋಗುತ್ತದಂತೆ. ಅದು ತನ್ನ ಜಾಗಕ್ಕೆ ಹೋಗಿ ಕುಳಿತಾಗ ದಣಿವಾಯಿತು, ಮಲಗಬೇಕು ಎಂದು ನಮಗೆ ತಿಳಿಯುತ್ತದೆ. ಕೆಫೀನು ಹೋಗಿ ಅದೇ ಜಾಗದಲ್ಲಿ ಕುಳಿತುಬಿಡುತ್ತದೆ, ಲೋಕಲ್ಲಿನಲ್ಲಿ ಬೇರೆಯವರ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿಕೊಳ್ಳುವವರ ಹಾಗೆ. ದಣಿವು ಕಡಿಮೆಯಾಗುವುದಿಲ್ಲ, ದಣಿವಿನ ಸುದ್ದಿ ಮಾತ್ರ ತಲುಪುವುದಿಲ್ಲ.

ಇದನ್ನು ಓದಿದ ಮೇಲೆ ಬೆಳಗ್ಗೆ ಠಾಣೆ ಸ್ಟೇಷನ್ನಿನಲ್ಲಿ ನಿಂತರೆ ಬೇರೆಯೇ ಕಾಣುತ್ತದೆ. ಡೊಂಬಿವಲಿಯಿಂದ, ಕಲ್ಯಾಣದಿಂದ ರೈಲಿನ ಬಾಗಿಲಲ್ಲಿ ತೂಗಿಕೊಂಡು ಬಂದಿಳಿಯುವವರು. ಇಳಿದವರೇ ಅರ್ಧ ಲೋಟದ ಕಟಿಂಗ್ ಚಹಾ ಮಾರುವವನ ಮುಂದೆ ನಿಲ್ಲುತ್ತಾರೆ. ಯಾರೂ ಪೂರ್ತಿ ನಿದ್ದೆ ಮಾಡಿದವರಲ್ಲ. ಕಾಫಿ ಅರಬರ ಕಡೆಯಿಂದ ಸಮುದ್ರ ದಾಟಿ ಬಂದು ನಮ್ಮ ಘಟ್ಟ ಹತ್ತಿತು, ನಮ್ಮವರು ಊರು ಬಿಟ್ಟು ಅದರ ಪುಡಿ ಹೊತ್ತು ಈ ಕಡೆ ಬಂದರು. ಕಾಫಿಯನ್ನು ಒಮ್ಮೆ ದೊರೆಗಳು ಶಂಕಿಸಿದ್ದರು, ಅದನ್ನು ಕುಡಿಯುತ್ತಾ ಜನ ಕುಳಿತು ಮಾತಾಡುತ್ತಾರೆಂದು. ನಮ್ಮ ಮನೆಗಳಲ್ಲಿ ಹಿರಿಯರು ಶಂಕಿಸಿದ್ದರು, ಹೆಂಗಸರು ಕೆಡುತ್ತಾರೆಂದು. ಅಮ್ಮನ ಅಮ್ಮ ಹಿತ್ತಲಲ್ಲಿ ನಿಂತು ಕುಡಿಯುತ್ತಿದ್ದಳಂತೆ. ಆಮೇಲೆ ಕಾರ್ಖಾನೆಗಳು ಬಂದವು, ಪಾಳಿಗಳು ಬಂದವು, ಯಾರೂ ಶಂಕಿಸಲಿಲ್ಲ. ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳಿದ್ದ ಜಾಗದಲ್ಲಿ ಈಗ ಗಾಜಿನ ಆಫೀಸುಗಳಿವೆ. ಅಲ್ಲಿ ಕಾಫಿಯ ಯಂತ್ರವನ್ನು ಕಂಪನಿಯೇ ಇಡುತ್ತದೆ, ಪುಕ್ಕಟೆ. ನಿದ್ದೆಗೆ ಮಾತ್ರ ಯಾರೂ ಜಾಗ ಇಟ್ಟಿಲ್ಲ. ಅಪ್ಪ ನಲವತ್ತು ವರ್ಷಗಳಿಂದ ಈ ಜನರನ್ನು ಎಬ್ಬಿಸಿ ರೈಲಿಗೆ ಹತ್ತಿಸುತ್ತಾ ಬಂದಿದ್ದಾರೆ. ಅದು ಒಳ್ಳೆಯ ಕೆಲಸವೋ ಅಲ್ಲವೋ ನನಗೆ ಹೇಳಲು ಬರುವುದಿಲ್ಲ. ಅದೇ ಕೆಲಸ ನನ್ನನ್ನು ಓದಿಸಿತು.

ಎರಡನೇ ಸಲ ಡಾಕ್ಟರ ಹತ್ತಿರ ಹೋದಾಗ ಎಲ್ಲ ಹೇಳಿದೆವು. ಅವರಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಆಮೇಲೆ ಒಂದು ಪ್ರಶ್ನೆ ಕೇಳಿದರು. ರುಚಿ ನೋಡಿದ ಮೇಲೆ ಉಗುಳುತ್ತಿದ್ದರೋ, ನುಂಗುತ್ತಿದ್ದರೋ? ಎಷ್ಟು ವರ್ಷಗಳಿಂದ?

ನಮಗೆ ಮೂವರಿಗೆ ಮೂರು ನೆನಪು. ಅಮ್ಮ, "ಮೊದಲು ಉಗುಳ್ತಿದ್ರು, ನಾನೇ ನೋಡಿದ್ದೇನೆ," ಎಂದಳು. ಫೋನಿನಲ್ಲಿ ತಮ್ಮ, "ಎಂದೂ ಉಗುಳಿಲ್ಲ, ಹೋಟೆಲಲ್ಲಿ ಗಿರಾಕಿಯ ಎದುರು ಯಾರಾದ್ರೂ ಉಗುಳ್ತಾರಾ?" ಎಂದ. ನನಗೆ ಸ್ಪಷ್ಟವಾಗಿ ನೆನಪಿರುವುದು ಫಿಲ್ಟರಿನ ಪಕ್ಕದಲ್ಲಿದ್ದ ಒಂದು ಹಿತ್ತಾಳೆಯ ಬೋಗುಣಿ, ಅಪ್ಪ ಅದರ ಮೇಲೆ ಬಗ್ಗುವುದು. ಚಿಕ್ಕವಳಿದ್ದಾಗ ಅದರಲ್ಲಿ ನನ್ನ ಮುಖ ನೋಡಿಕೊಂಡದ್ದೂ ನೆನಪಿದೆ. ಆದರೆ ಅಮ್ಮ, ಅಂಥ ಬೋಗುಣಿ ಹೋಟೆಲಿನಲ್ಲಿ ಇರಲೇ ಇಲ್ಲ, ಅದು ಮನೆಯಲ್ಲಿ ಅಕ್ಕಿ ತೊಳೆಯುವುದು ಎನ್ನುತ್ತಾಳೆ. ಅಪ್ಪನನ್ನೇ ಕೇಳಿದರೆ, "ಯಾರಿಗೆ ಗೊತ್ತು? ಬಾಯಿಗೆ ಹಾಕಿದ್ದು ಎಲ್ಲಿ ಹೋಯ್ತು ಅಂತ ನೋಡ್ಲಿಕ್ಕೆ ಪುರುಸೊತ್ತಿತ್ತಾ?" ಎಂದರು. ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. ಒಂದು ಮನೆಯವರು ಸೇರಿ ಕೊಡಬಹುದಾದ ಎಲ್ಲ ಉತ್ತರಗಳನ್ನೂ ಕೊಟ್ಟಿದ್ದೆವು.

"ಠೀಕ್ ಹೈ," ಎಂದರು ಕೊನೆಗೆ. "ಅಬ್ ಬಂದ್. ಟೇಸ್ಟ್ ಭೀ ನಹೀ." ಅಪ್ಪನ ಹೃದಯದ ಮೇಲಿನ ಕೋಣೆ ಸರಿಯಾಗಿ ಹೊಡೆದುಕೊಳ್ಳುವ ಬದಲು ಆಗಾಗ ಅದುರುತ್ತಿದೆ, ಹಾಗೆ ಅದುರಿದರೆ ರಕ್ತ ಹೆಪ್ಪುಗಟ್ಟಿ ತಲೆಗೆ ಹೋಗುವ ಅಪಾಯವಿದೆ ಎಂದು ಬಿಡಿಸಿ ಹೇಳಿದರು. ಕಾಫಿಯೊಂದೇ ಕಾರಣವಲ್ಲ, ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. ಆದರೆ ಇನ್ನು ರುಚಿ ನೋಡುವುದೂ ಬೇಡ. ನನಗೆ ನಾಡಿ ಹಿಡಿಯಲು ಕಲಿಸಿದರು. ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ಬಡಿತವಿದೆ, ಈ ಎರಡು ಬೆರಳು ಇಡಿ ಎಂದು ಅಪ್ಪನ ಮಣಿಕಟ್ಟಿನ ಮೇಲೆ ನನ್ನ ಬೆರಳು ಇಟ್ಟು ತೋರಿಸಿದರು. ಮೂಗಿಗೆ ಬೇರೆ ಡಾಕ್ಟರು. ವಾಸನೆ ಬರಲೂಬಹುದು, ಬಾರದೆ ಇರಲೂಬಹುದು ಎಂದರು ಅವರು. ಲವಂಗ, ನಿಂಬೆ ಹೀಗೆ ಕೆಲವನ್ನು ದಿನವೂ ಮೂಸಿ ನೋಡಲು ಹೇಳಿದರು. ಅಪ್ಪ ಮೂಸುತ್ತಾರೆ. "ಇಲ್ಲ," ಎನ್ನುತ್ತಾರೆ. ಅಮ್ಮ ಲವಂಗವನ್ನು ಮತ್ತೆ ಡಬ್ಬಿಗೆ ಹಾಕುತ್ತಾಳೆ.

ಬಿಟ್ಟ ಮೊದಲ ದಿನಗಳಲ್ಲಿ ಅವರಿಗೆ ತಲೆ ಸಿಡಿಯುವಷ್ಟು ನೋವು. ಕಾಫಿ ಕುಡಿಯದವರಿಗೆ ಕಾಫಿ ಬಿಟ್ಟ ನೋವು. ಆಮೇಲೆ ನಿದ್ದೆ ಬಂತು. ಹಗಲು, ಸಂಜೆ, ಗಲ್ಲಾದ ಹಿಂದೆ ಕುಳಿತಲ್ಲೇ ನಿದ್ದೆ. ಇಷ್ಟು ವರ್ಷ ತಡೆದಿಟ್ಟ ದಣಿವಿನ ಸುದ್ದಿಯೆಲ್ಲ ಒಮ್ಮೆಗೇ ತಲುಪಿತೋ ಏನೋ ಎಂದುಕೊಂಡೆ. ವಿಜ್ಞಾನ ಹಾಗೆ ಹೇಳುವುದಿಲ್ಲ. ಆದರೆ ನಿದ್ದೆ ಹೋದ ಅಪ್ಪನ ಮುಖವನ್ನು ಹಗಲಿನಲ್ಲಿ ನಾನು ಅದುವರೆಗೆ ಕಂಡೇ ಇರಲಿಲ್ಲ.

ತಮ್ಮ ಪುಡಿಗೆ ಒಂದು ಅಳತೆಯ ಡಬ್ಬಿ ಇಟ್ಟ, ನೀರಿಗೆ ಒಂದು ಗುರುತು ಹಾಕಿದ. ರುಚಿ ನೋಡುವುದು ನಿಂತಿತು. ಒಂದು ದಿನ ಆ ರೈಲ್ವೆಯವರು ಕುಡಿದು, ಲೋಟ ಕೆಳಗಿಟ್ಟು, ಎದ್ದು ಗಲ್ಲಾದ ಹತ್ತಿರವೇ ಬಂದರು. ಆ ದಿನ ನಾನೂ ಅಲ್ಲಿದ್ದೆ. "ಶೇಟ್, ಆತಾ ಮಸ್ತ ಝಾಲೀ ಕಾಫಿ," ಎಂದು ಅಪ್ಪನ ಕೈ ಹಿಡಿದು ಕುಲುಕಿದರು. "ತುಮಚಾ ಹಾತ ಪರತ ಆಲಾ."

ಕಾಫಿ ಈಗ ಸೊಗಸಾಯಿತು, ನಿಮ್ಮ ಕೈ ಮತ್ತೆ ಬಂತು. ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಅಪ್ಪ ಬೇರೆ ಏನು ಹೇಳಬಹುದಿತ್ತು? "ಹೋ, ಹೋ," ಎಂದು ನಕ್ಕು ಚಿಲ್ಲರೆ ಕೊಟ್ಟರು. ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಒಂದು ಡಬ್ಬಿಯ ಅಳತೆಗೆ ಸಿಕ್ಕ ಹೊಗಳಿಕೆಯನ್ನು ಅಪ್ಪ ಹೊತ್ತುಕೊಂಡು ಕುಳಿತದ್ದನ್ನು ನಾವಿಬ್ಬರೂ ನೋಡಿದೆವು, ಇಬ್ಬರೂ ನೋಡದವರ ಹಾಗಿದ್ದೆವು.

ಮರುದಿನ ಬೆಳಗ್ಗೆ ತಮ್ಮನ ಫೋನು. "ಅಕ್ಕಾ, ಮತ್ತೆ ಫಿಲ್ಟರಿನ ಹತ್ರ ನಿಂತಿದ್ದಾರೆ. ಬಟ್ಟಲು ತೆಗೆದಿಟ್ಟಿದ್ದೆ, ಫಿಲ್ಟರಿನ ಮುಚ್ಚಳದಲ್ಲಿ ಹಾಕಿ ಕುಡೀತಿದ್ದಾರೆ. ನಾನು ಹೇಳಿದ್ರೆ ಕೇಳುದಿಲ್ಲ. ನೀನು ಬಂದು ಹೇಳು."

ಕಾಲೇಜಿಗೆ ರಜೆ ಹಾಕಿ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಹೆಪ್ಪುಗಟ್ಟುವ ರಕ್ತ, ಪಾರ್ಶ್ವವಾಯು, ಅಮ್ಮನ ಗತಿ. ಎಲ್ಲ ಹೇಳಿದೆ. ಅಪ್ಪ ಮುಚ್ಚಳವನ್ನು ತೊಳೆಯುತ್ತಾ ಕೇಳಿಸಿಕೊಂಡರು.

"ಎಲ್ಲ ಸರಿ ಮಗಾ," ಎಂದರು. "ಆದ್ರೆ ಇದನ್ನು ಯಾರಾದ್ರೂ ನೋಡ್ಬೇಕಲ್ಲ? ಡಬ್ಬಿಗೆ ನಾಲಿಗೆ ಉಂಟಾ?"

"ನಿಮಗೂ ಇಲ್ವಲ್ಲ ಅಪ್ಪ," ಎಂದು ತಮ್ಮ ಬಾಯಿಬಿಟ್ಟ. ಅಂದ ಕೂಡಲೇ ಮುಖ ತಿರುಗಿಸಿ ಗಲ್ಲಾಕ್ಕೆ ಹೋದ.

ಅಪ್ಪ ನನ್ನ ಕಡೆ ತಿರುಗಿದರು. ಸಿಟ್ಟು ಬಂದಿರಲಿಲ್ಲ. "ಹಾಗಾದ್ರೆ ನೀನು ನೋಡು," ಎಂದರು. "ನೀನು ನೋಡಿ ಹೇಳಿದ್ರೆ ನಾನು ಮುಟ್ಟುದಿಲ್ಲ."

ಹೀಗೆ ಇದು ಶುರುವಾಯಿತು. ಭಾನುವಾರ ಬೆಳಗ್ಗೆ ನಾನು ಕೋಪರಿಗೆ ಹೋಗುತ್ತೇನೆ. ಡಿಕಾಕ್ಷನ್ ಇಳಿದ ಕೂಡಲೇ ಬಟ್ಟಲಲ್ಲಿ ಹಾಕಿ ನನಗೆ ಕೊಡುತ್ತಾರೆ, ಮುಖವನ್ನೇ ನೋಡುತ್ತಾ ಕೂರುತ್ತಾರೆ. "ಹೇಗುಂಟು?"

ಹೇಗಿದೆ? ಕಾಫಿಯ ರುಚಿಗೆ ನನ್ನಲ್ಲಿ ಮಾತಿಲ್ಲ. ಕಹಿ ಎನ್ನುತ್ತೇನೆ. ಎಂಥ ಕಹಿ, ಹಾಗಲದ್ದಾ, ಮೆಂತೆಯದ್ದಾ ಎನ್ನುತ್ತಾರೆ. ಕೊನೆಗೆ ಸ್ವಲ್ಪ ಸಿಹಿ ಎನ್ನುತ್ತೇನೆ. ಸಿಹಿ ನಾಲಿಗೆಯಲ್ಲಾ, ಗಂಟಲಲ್ಲಾ? ಗೊತ್ತಾಗುವುದಿಲ್ಲ, ಇನ್ನೊಂದು ಗುಟುಕು ಕುಡಿಯುತ್ತೇನೆ. ಮೊನ್ನೆ, "ಮೊದಲಿನ ಹಾಗೇ ಉಂಟು ಅಪ್ಪ," ಎಂದೆ.

"ಮೊದಲಿನ ಹಾಗೆ ಅಂದ್ರೆ? ನಿನಗೆ ಮೊದಲಿನದ್ದು ನೆನಪುಂಟಾ?"

ಉಂಟು ಎಂದೆ. ಬೋಗುಣಿ ನೆನಪಿರುವ ಹಾಗೆಯೇ ಇದೂ ನೆನಪಿದೆ. ಅವರು ತಲೆಯಾಡಿಸಿದರು. ನಂಬಿದರೋ, ನನ್ನನ್ನು ನೋಡಿ ಕನಿಕರಪಟ್ಟರೋ. ಉಳಿದ ದಿನಗಳಲ್ಲಿ ಏನು ಮಾಡುತ್ತಾರೆ ಎಂದು ತಮ್ಮನನ್ನು ಕೇಳುವುದನ್ನು ಬಿಟ್ಟಿದ್ದೇನೆ. ಅವನೂ ಹೇಳುವುದನ್ನು ಬಿಟ್ಟಿದ್ದಾನೆ.

ಮೊನ್ನೆ ಆ ಮಾತಾದ ಮೇಲೆ ಬಟ್ಟಲು ಕೆಳಗಿಟ್ಟು ಅವರ ಮಣಿಕಟ್ಟು ಹಿಡಿದೆ. ಡಾಕ್ಟರು ತೋರಿಸಿದ ಹಾಗೆ, ಹೆಬ್ಬೆರಳು ಬಿಟ್ಟು, ಎರಡು ಬೆರಳು. ಬಡಿತ ಸಿಕ್ಕಿತು. ಬೇಗ ಬೇಗ ಇತ್ತು, ನಡುವೆ ಒಂದು ತಪ್ಪಿದಂತಿತ್ತು. ಆದರೆ ಅಷ್ಟು ಹೊತ್ತಿಗೆ ನಾನೂ ಬಟ್ಟಲ ಮೇಲೆ ಬಟ್ಟಲು ಕಾಫಿ ಕುಡಿದಿದ್ದೆ. ನನ್ನ ಕಿವಿಯಲ್ಲಿ, ಕತ್ತಿನಲ್ಲಿ, ಬೆರಳ ತುದಿಯಲ್ಲಿ ಎಲ್ಲ ಕಡೆ ಬಡಿಯುತ್ತಿತ್ತು. ಬೆರಳು ಸ್ವಲ್ಪ ಸಡಿಲಿಸಿದೆ, ಮತ್ತೆ ಒತ್ತಿದೆ.

"ಎಂತಾಯ್ತು?" ಅಪ್ಪ ಕೇಳಿದರು. "ನಂದು ಸರಿ ಉಂಟಾ?"

"ಒಂದು ನಿಮಿಷ ಅಪ್ಪ," ಎಂದೆ. "ಇದು ನಿಮ್ಮದಾ ನನ್ನದಾ ಅಂತ ಗೊತ್ತಾಗ್ತಿಲ್ಲ."